ಬಿಸಿಲು ಬೇಡದ ಹವಳ

ಮೊನ್ನೆ ಬೆಟಗೇರಿಯ ಸಂತೆಯಲ್ಲಿ ಒಣಸಿಗಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಈ ವಯಸ್ಸಿನಲ್ಲೂ ಎದೆ ಧಸಕ್ಕೆಂದಿತು. ನಗಬೇಡಿ; ನಮ್ಮದು ಶ್ರಾವಣದಲ್ಲಿ ಉಳ್ಳಾಗಡ್ಡಿಯನ್ನೂ ಹೊರಗಿಡುವ ಮನೆ.

ಎಂಬತ್ತರ ಆಸುಪಾಸಿನ ಮಾತು. ಅಕ್ಕನ ಗಂಡ ಹಡಗಿನ ಕೆಲಸಕ್ಕೆ ಹೊರಡುವ ಮುಂಚೆ ಕಾರವಾರದಿಂದ ಒಂದು ಜೀವಂತ ಹವಳ ತಂದು, ಗಾಜಿನ ತೊಟ್ಟಿಗೆ ಸಮುದ್ರದ ನೀರು ತುಂಬಿ ಅದರಲ್ಲಿಟ್ಟು ಹೋದರು. ಮುಷ್ಟಿಗಾತ್ರದ ಕಲ್ಲು, ಅದರ ಮೇಲೆ ಕಿತ್ತಳೆ ಬಣ್ಣದ ಮೊಗ್ಗುಗಳು. ಅದು ಅರಳಿರುವವರೆಗೆ ಅವರು ಕ್ಷೇಮವೆಂದು, ತವರಿಗೆ ಬಂದಿದ್ದ ಬಸುರಿ ಅಕ್ಕ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. ಅವರ ಕೊನೆಯ ಕಾಗದ ಬಂದು ಎರಡು ತಿಂಗಳಾಗಿತ್ತು.

ನಾನಾಗ ಹೊಸ ವಿಜ್ಞಾನ ಮಾಸ್ತರ. ಇದು ಗಿಡವೇ ಎಂದು ತೀರ್ಪು ಕೊಟ್ಟು ತೊಟ್ಟಿಯನ್ನು ಅಂಗಳದ ಬಿಸಿಲಿಗಿಟ್ಟೆ. ದಿನಗಳೆದಂತೆ ಮೊಗ್ಗುಗಳು ಮುದುಡಿ, ನಡುವೆ ಬಿಳಿ ಎಲುಬು ಕಾಣತೊಡಗಿತು. ಅಕ್ಕ ಉಣ್ಣುವುದನ್ನೇ ಬಿಟ್ಟಳು. ಭಯಕ್ಕೆ ನಾನು ದಿನಕ್ಕೆ ಹತ್ತು ಸಲ ಅಂಗಳಕ್ಕೆ ಓಡತೊಡಗಿದೆ.

ಕಾರವಾರದಿಂದ ವಾರಕ್ಕೊಮ್ಮೆ ಸಮುದ್ರದ ನೀರು ತಂದುಕೊಡುತ್ತಿದ್ದವನು ಉಪ್ಪಿನ ಲಾರಿಯ ಖಾದರಸಾಬ. ಅವನು ಬಗ್ಗಿ ನೋಡಿದ.

"ಇದು ಗಿಡ ಅಲ್ಲರಿ ಮಾಸ್ತರ. ಸಮುದ್ರದಾಗ ಬಂಡೆಗಲ್ಲಿನ ಸಂದ್ಯಾಗ, ಬಿಸಲು ಬೀಳದಲ್ಲಿ ಇರ್ತೈತಂತ. ಮೀನಗಾರ ಮಂದಿ ಹೇಳ್ತಾರ. ಇವು ಮೊಗ್ಗಲ್ಲ, ಬಾಯಿ. ಉಪವಾಸ ಕೆಡವೀರಿ ನೀವು."

ಹೇಳಿದವನೇ ಲಾರಿಯಿಂದ ಒಣಸಿಗಡಿಯ ಪೊಟ್ಟಣ ತಂದುಕೊಟ್ಟ.

ತೊಟ್ಟಿ ಮಗ್ಗದ ಕೋಣೆಯ ಕತ್ತಲ ಮೂಲೆಗೆ ಹೋಯಿತು. ಸಂಜೆ ಅವ್ವ ಗುಡಿಗೆ ಹೊರಟೊಡನೆ, ನೆನೆಸಿದ ಸಿಗಡಿಯ ಚೂರನ್ನು ಕಸಬರಿಗೆಯ ಕಡ್ಡಿಗೆ ಸಿಕ್ಕಿಸಿ ಒಂದೊಂದೇ ಬಾಯಿಗೆ ಇಡುತ್ತಿದ್ದೆ. ಹತ್ತೊಂಬತ್ತು ಬಾಯಿ. ಪೊಟ್ಟಣ ಹಳೆಯ ಲಾಳಿಗಳ ಡಬ್ಬಿಯಲ್ಲಿ. ಅವ್ವನಿಗೆ ತಿಳಿದರೆ ತೊಟ್ಟಿ ಬೀದಿಗೆ, ಅದರ ಹಿಂದೆಯೇ ನಾನು.

ಹವಳ ಚೇತರಿಸಿಕೊಳ್ಳುವಷ್ಟರಲ್ಲಿ ಪರೀಕ್ಷೆಯ ಕೆಲಸಕ್ಕೆಂದು ನನ್ನನ್ನು ಹತ್ತು ದಿನ ಮುಂಡರಗಿಗೆ ಹಾಕಿದರು. ಅಕ್ಕನಿಗೋ ಸಿಗಡಿಯ ವಾಸನೆಗೇ ವಾಂತಿ. ಅಲ್ಲಿ ಹುಡುಗರು ಉತ್ತರ ಬರೆಯುತ್ತಿದ್ದರೆ ನನ್ನ ಕಣ್ಣ ಮುಂದೆ ಹತ್ತೊಂಬತ್ತು ಮುಚ್ಚಿದ ಬಾಯಿಗಳು.

ಬಸ್ಸಿಳಿದವನು ಚಪ್ಪಲಿಯನ್ನೂ ಬಿಡದೆ ಮಗ್ಗದ ಕೋಣೆಗೆ ನುಗ್ಗಿದೆ. ಹವಳ ತುಂಬಿ ಅರಳಿತ್ತು. ಅದರ ಮುಂದೆ ಅವ್ವ ಕುಳಿತಿದ್ದಳು. ಮೂಗಿಗೆ ಸೆರಗು, ಕೈಯಲ್ಲಿ ಕಡ್ಡಿ.

"ಕಾಲು ತೊಳಕೊಂಡು ಬಾ. ಇನ್ನೂ ಏಳು ಬಾಯಿ ಉಳದಾವ."

"ನಿನಗ ಗೊತ್ತಿತ್ತೇನವ್ವಾ?"

"ಇಲ್ಲಂದ್ರ ದಿನಾ ಸಂಜಿಕ ಗುಡಿಗೆ ಯಾಕ ಹೋಗ್ತಿದ್ದೆ? ಅಂಜಿಕಿ ನಿನಗೊಬ್ಬಗ ಇತ್ತೇನು?"

ಭಾವನ ಕಾಗದ ಬಂದದ್ದು ಮತ್ತೆ ಒಂದು ತಿಂಗಳ ಮೇಲೆ. ಆ ತಿಂಗಳೆಲ್ಲ ಉಣಿಸಿದವಳು ಅವ್ವನೇ. ಸೀಗೆಪುಡಿ ಹಾಕಿ ಮೂರು ಸಲ ತೊಳೆದ ಮೇಲೂ ವಾಸನೆ ಬಿಡದ ಆ ಕೈಯಿಂದಲೇ ನನಗೆ ರೊಟ್ಟಿ ನೀಡುತ್ತಿದ್ದಳು.

ಮೊನ್ನೆ ಸಿಗಡಿ ಮಾರುವವಳು, "ಏನ್ ಬೇಕ್ರಿ ಅಜ್ಜಾರ?" ಎಂದು ಎರಡು ಸಲ ಕೇಳಿದಳು. ಏನೂ ಬೇಕಿರಲಿಲ್ಲ. ಎದೆಬಡಿತ ಇಳಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ, ಮೂಗು ಮುಚ್ಚಿಕೊಳ್ಳದೆ.