ನಮ್ಮವರ ಆಲ್ಬಮ್ಮಿಗೆ ಲೇಡೀಸ್ ಡಬ್ಬಿಯ ಅಭಿಪ್ರಾಯ

"ಹಾಡುವವರಿಗೆ ತಮ್ಮ ಹಾಡಿನ ಮೇಲೆಯೇ ನಂಬಿಕೆ ಇದ್ದಂತಿಲ್ಲ."

ನನ್ನ ಗಂಡನ ಬ್ಯಾಂಡು ಇಂಟರ್ನೆಟ್ಟಿಗೆ ಹಾಕಿದ್ದ ಮೊದಲ ಆಲ್ಬಮ್ಮಿನ ಕೆಳಗೆ ಯಾರೋ ಇಂಗ್ಲಿಷಿನಲ್ಲಿ ಬರೆದಿದ್ದ ಈ ಸಾಲನ್ನು ಅವರು ನನಗೆ ಕನ್ನಡದಲ್ಲಿ ಹೇಳಿದ್ದು ಒಂದು ಭಾನುವಾರ ಬೆಳಿಗ್ಗೆ, ನಾನು ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಾಗ. ಅದರ ಮೇಲೂ ಕೆಳಗೂ ಬೇಕಾದಷ್ಟು ಒಳ್ಳೆಯ ಮಾತುಗಳಿದ್ದವು. ಕೆಂಪು ಹೃದಯ, ಚಪ್ಪಾಳೆ, 'ಸೂಪರ್ ಕಾಕಾ'. ಅವುಗಳಲ್ಲಿ ಒಂದನ್ನೂ ಅವರು ಓದಲಿಲ್ಲ.

"ಅವೆಲ್ಲಾ ನಮ್ಮ ಮಂದಿ ಬರದದ್ದು," ಎಂದರು. "ನಿನ್ನ ತಂಗಿ, ಬೆಳಗಾವಿ ಅತ್ತೀ ಮಗ, ನಮ್ಮ ಆಫೀಸಿನವರು. ಗುರ್ತಿಲ್ಲದಾಂವ ಬರದದ್ದು ಇದೊಂದ. ಹಂಗಾಗಿ ಖರೇನೂ ಇದೊಂದ."

ನಾನು ಉರಿ ಸಣ್ಣಗೆ ಮಾಡಿದೆ. ಅವರು ಮೊಬೈಲನ್ನು ಡಬ್ಬಿಗಳ ಸಾಲಿನ ಮೇಲೆ ಬೋರಲು ಇಟ್ಟು ಹೇಳಿದರು: "ಶನಿವಾರ ಪ್ರಾಕ್ಟೀಸಿಗೆ ಹೋದಾಗ ಹೇಳಿಬಿಡತೇನಿ. ಅಂಧೇರಿ ಪ್ರೋಗ್ರಾಮಿನಾಗ ಅವನ ಹಾಡಲಿ. ನಂದು ಸಾಕು."

'ಅವನು' ಎಂದರೆ ನಮ್ಮ ಬಿಲ್ಡಿಂಗಿನ ನೆಲಮಹಡಿಯ ಮನೆಯ ಮಗ. ವಯಸ್ಸು ಮೂವತ್ತು ದಾಟಿದೆ, ಗಿಟಾರ್ ನುಡಿಸುತ್ತಾನೆ, ಹಾಡು ಬರೆಯುತ್ತಾನೆ. ಸಾಂತಾಕ್ರೂಜಿನ ಈ ಹಳೆಯ ಸೊಸೈಟಿಯಲ್ಲಿ ಅರ್ಧಕ್ಕರ್ಧ ಮನೆಗಳು ಕ್ರಿಶ್ಚಿಯನ್ನರವು. ಭಾನುವಾರ ಅವರು ಚರ್ಚಿನಲ್ಲಿ ಮಾಸ್ ಮುಗಿಸಿ ಬಂದರೆ ಮೂರು ಕಿಟಕಿಗಳಿಂದಲಾದರೂ ಕೌಬಾಯ್ ಹಾಡು ಕೇಳುತ್ತದೆ. ನಮ್ಮವರು ಧಾರವಾಡ ಕಡೆಯಿಂದ ಏರ್‌ಪೋರ್ಟಿನ ಕಾರ್ಗೋ ಕೆಲಸಕ್ಕೆ ಬಂದು ಇಪ್ಪತ್ತಾರು ವರ್ಷ ಆ ಕಿಟಕಿಗಳ ಕೆಳಗೆ ಓಡಾಡಿದವರು. ಗುರುವಾರ ಆಂಟಾಪ್ ಹಿಲ್‌ನ ಭಜನಾ ಮಂಡಳಿಗೆ ಹೋಗಿ ಹಾಡುವುದು, ಉಳಿದ ದಿನ ಮೆಟ್ಟಿಲು ಹತ್ತುತ್ತ ಆ ಕೌಬಾಯ್ ಹಾಡು ಗುನುಗುವುದು. ಒಂದು ದಿನ ಅದನ್ನು ಕೇಳಿಸಿಕೊಂಡ ಹುಡುಗ ತನ್ನ ಗ್ಯಾರೇಜಿಗೆ ಕರೆದ. ಅವನ ತಂಗಿ ಕೀಬೋರ್ಡ್, ಚರ್ಚಿನಲ್ಲಿ ಡ್ರಮ್ ಬಾರಿಸುವ ಒಬ್ಬ ಗೆಳೆಯ, ಐವತ್ಮೂರು ವರ್ಷದ ನನ್ನ ಗಂಡ. ಇಷ್ಟೇ ಬ್ಯಾಂಡು. ಇದಕ್ಕೆ ಕಂಟ್ರಿ ಸೋಲ್ ಅನ್ನುತ್ತಾರಂತೆ. ಏನದು ಎಂದು ನಾನು ಕೇಳಿದ್ದಕ್ಕೆ, "ಹೊಲದಾಗಿನ ಹಾಡಿಗೂ ಚರ್ಚಿನ ಹಾಡಿಗೂ ಲಗ್ನ ಆದಂಗ," ಎಂದಿದ್ದರು. ಹಾಗೆ ಹೇಳುವಾಗ ಅವರ ಮುಖ ಹೇಗಿತ್ತೆಂದು ನನಗೆ ನೆನಪಿದೆ. ಆ ಮುಖವನ್ನು ಶನಿವಾರದ ಹೊತ್ತಿಗೆ ಅವರು ಮಡಚಿ ಒಳಗಿಡುವವರಿದ್ದರು.

ಮೊದಲ ಉಪಾಯವನ್ನು ನಾನೇ ಮಾಡಿ ನಾನೇ ಕೆಡಿಸಿದೆ. ಅದೇ ದಿನ ಸಂಜೆ ಐದಕ್ಕೆ ಭಜನಾ ಮಂಡಳಿಯ ನಾಲ್ಕು ಜನರನ್ನು ಮನೆಗೆ ಕರೆದೆ. ಆಲ್ಬಮ್ ಕೇಳಿ ಇದ್ದದ್ದು ಇದ್ದ ಹಾಗೆ ಹೇಳಲಿ ಎಂದು. ಬಂದವರನ್ನು ಒಣ ಬಾಯಲ್ಲಿ ಕೂರಿಸುವುದು ಹೇಗೆ? ಮೊದಲು ಗಿರ್ಮಿಟ್ಟು, ಮಿರ್ಚಿ ಭಜಿ, ಚಹಾ ಕೊಟ್ಟೆ. ಆಮೇಲೆ ಹಾಡು ಹಚ್ಚಿದೆ. ನಮ್ಮ ಕಡೆಯವರು ಉಂಡ ಮನೆಯಲ್ಲಿ ಕೊಂಕು ತೆಗೆಯುವುದಿಲ್ಲ. ಸಾರಿಗೆ ಉಪ್ಪು ಕಡಿಮೆಯಾಗಿದ್ದರೂ ಭೇಷ್ ಅಂದು ಎರಡನೇ ಸಲ ಹಾಕಿಸಿಕೊಳ್ಳುವವರು. ಇದು ಗೊತ್ತಿದ್ದೂ ನಾನು ಮಾಡಿದ್ದು ಹಾಗೆ.

"ಭಾರೀ ಆಗೇದ ಬಿಡ್ರಿ," ಎಂದರು ಮಂಡಳಿಯಲ್ಲಿ ತಾಳ ಹಾಕುವವರು.

"ಯಾವ ಹಾಡು?" ಎಂದೆ.

"ಎಲ್ಲಾ." ಇನ್ನೊಂದು ಭಜಿ ತೆಗೆದುಕೊಂಡರು. "ಖಾರ ಹದಾ ಹಿಡದೈತಿ."

ನಮ್ಮವರು ನನ್ನ ಕಡೆ ನೋಡಿದರು. ಅವರನ್ನೆಲ್ಲ ಸ್ಟೇಷನ್ನಿನವರೆಗೆ ಬಿಟ್ಟು ಬಂದು, "ನಾಲ್ಕೂ ಮಂದಿ ನಿನ್ನ ಭಜೀಗೆ ಮಾರ್ಕ್ಸ್ ಕೊಟ್ಟು ಹೋದರು," ಎಂದು ಹೇಳಿ ಚಪ್ಪಲಿ ಬಿಟ್ಟರು.

ಆ ಮಾತು ನನಗೆ ನಾಟಿತು. ಗುರುತಿಲ್ಲದ ಒಬ್ಬರ ಮಾತೇ ಅವರಿಗೆ ಸತ್ಯವಾದರೆ, ಗುರುತಿಲ್ಲದ ಇನ್ನೂ ಮೂವರನ್ನು ನಾನು ಹುಡುಕುತ್ತೇನೆ ಎಂದುಕೊಂಡೆ. ಹುಡುಕಬೇಕಾಗಿಯೇ ಇರಲಿಲ್ಲ. ಅವರು ದಿನಾ ಬೆಳಿಗ್ಗೆ ಬೊರಿವಲಿಯಿಂದ ಬರುವ ಸ್ಲೋ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನನಗಾಗಿ ಒಂದು ಅಂಗೈಯಗಲ ಜಾಗ ಹಿಡಿದಿರುತ್ತಿದ್ದರು.

ಹನ್ನೊಂದು ವರ್ಷದಿಂದ ನಾವು ನಾಲ್ವರೂ ಆ ಕಿಟಕಿಯ ಪಕ್ಕದವರು. ಒಬ್ಬಳು ಮಂಗಳೂರು ಕಡೆಯ ನರ್ಸ್. ಒಬ್ಬಳು ಇಲ್ಲೇ ಹುಟ್ಟಿ ಬೆಳೆದ ಟೀಚರ್, ಕನ್ನಡ ಅರ್ಥವಾಗುತ್ತದೆ, ಮಾತು ಅರ್ಧ ದಾರಿಯಲ್ಲಿ ಹಿಂದಿಗೆ ಇಳಿದುಬಿಡುತ್ತದೆ. ಇನ್ನೊಬ್ಬಳು ವಿಜಾಪುರದವಳು, ಚರ್ಚ್‌ಗೇಟ್ ಹತ್ತಿರದ ಹೋಟೆಲಿನಲ್ಲಿ ಕೋಣೆ ಚೊಕ್ಕಟ ಮಾಡುವ ಕೆಲಸ. ನನ್ನ ಗಂಡ ಕಾರ್ಗೋದಲ್ಲಿದ್ದಾರೆ ಎಂಬುದಷ್ಟೇ ಅವರಿಗೆ ಗೊತ್ತು. ಹಾಡುತ್ತಾರೆಂದು ನಾನು ಯಾವತ್ತೂ ಹೇಳಿರಲಿಲ್ಲ. ಜಂಬ ಅಂದುಕೊಂಡಾರು ಎಂಬ ಸಂಕೋಚ.

ಸೋಮವಾರ ಚಟ್ನಿ ಡಬ್ಬಿಯಷ್ಟಿರುವ ಸ್ಪೀಕರನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. "ಹೊಸಾ ಹಾಡು ಸಿಕ್ಕಾವು, ಕೇಳೋಣಂತ," ಎಂದು ಮಡಿಲಲ್ಲಿಟ್ಟು ಹಚ್ಚಿದೆ. ಆ ಗದ್ದಲದಲ್ಲಿ ಒಂದು ದಿನಕ್ಕೆ ಎರಡು ಹಾಡು ಸರಿಯಾಗಿ ಕೇಳಿದರೆ ಹೆಚ್ಚು.

"ಎಂತ ಮಾರಾಯ್ತಿ ಇದು?" ಎಂದಳು ನರ್ಸ್, ಎರಡನೆಯದು ಮುಗಿಯುವ ಮೊದಲೇ. "ನೈಟ್ ಡ್ಯೂಟಿ ಮುಗಿಸಿ ಬಂದವರಿಗೆ ಲಾಯ್ಕುಂಟು. ನನಗೆ ಈಗ ಡ್ಯೂಟಿಗೆ ಹೋಗ್ಲಿಕ್ಕುಂಟು, ನಿದ್ದೆ ಬರುದು ಬೇಡ."

ವಿಜಾಪುರದವಳು ವಟಾಣಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

ಟೀಚರ್ ಮಾತ್ರ ಕಣ್ಣು ಕಿರಿದು ಮಾಡಿ ಕೇಳುತ್ತಿದ್ದಳು. ಎರಡನೇ ದಿನವೂ ಹಾಗೆಯೇ ಕೇಳಿದಳು. ದಾದರ್ ಬಂದಾಗ ಹೇಳಿದಳು: "ಮ್ಯೂಸಿಕ್ ಅಚ್ಛಾ ಇದೆ. ಲೇಕಿನ್ ಈ ಆದ್ಮೀ... ಹೇಗೆ ಹೇಳೋದು... ಮೂಗು ಭಾಡೇ ಪೇ ತಂದಿದ್ದಾನೆ. ದೂಸ್ರೇ ಕಾ ನಾಕ್. ಮೇಲೆ ಹೋಗುವಾಗ ಗಲಾ ಬಿಟ್ಟು ಮೂಗಿನಲ್ಲಿ ಹೋಗ್ತಾನೆ. ಹೆದರ್ತಾನೆ ಬೇಚಾರಾ."

ನರ್ಸ್ ನಕ್ಕಳು. ನಾನೂ ನಕ್ಕೆ. ಕಿವಿ ಬಿಸಿಯಾಗಿತ್ತು. ಅದು ನನ್ನ ಗಂಡನ ಮೂಗು, ಬಾಡಿಗೆಯದ್ದಲ್ಲ ಎಂದು ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅಲ್ಲಿಗೆ ಅದೂ ಭಜಿಯ ಕಥೆಯೇ ಆಗುತ್ತಿತ್ತು.

ಆಫೀಸಿಗೆ ಹೋಗಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಹೊಲಿಯಲು ಕೊಟ್ಟ ಕುಪ್ಪಸ ಎಲ್ಲವನ್ನೂ ಬರೆದಿಡುವ ನನ್ನ ಪುಸ್ತಕದಲ್ಲಿ ಸೋಮವಾರದ ನಿದ್ದೆ, ವಟಾಣಿಗಳ ಜೊತೆಗೆ ಆ ಮಾತನ್ನೂ ಬರೆದೆ. 'ಮೂಗು ಸ್ವಲ್ಪ ಬಾಡಿಗೆಯದ್ದು' ಎಂದು ಬರೆದಿದ್ದೆ. ಆಮೇಲೆ 'ಸ್ವಲ್ಪ' ಎಂಬುದನ್ನು ಹೊಡೆದು ಹಾಕಿದೆ. ಅವಳು ಸ್ವಲ್ಪ ಎಂದಿರಲಿಲ್ಲ.

ಬುಧವಾರ ಗಾಡಿ ಲೇಟು, ಜನ ಹೆಚ್ಚು, ಒಂದೇ ಹಾಡಾಯಿತು. ಯಾರೂ ಏನೂ ಹೇಳಲಿಲ್ಲ. 'ಯಾರೂ ಏನೂ ಹೇಳಲಿಲ್ಲ' ಎಂದು ಅದನ್ನೂ ಬರೆದೆ.

ಗುರುವಾರ ಆರನೇ ಹಾಡು. ಉಳಿದವುಗಳಂತೆ ಇದೂ ಇಂಗ್ಲಿಷೇ. ಊರಿಗೆ ಹೋಗುವ ಬಸ್ಸು ತಪ್ಪಿಸಿಕೊಂಡು ಸ್ಟ್ಯಾಂಡಿನಲ್ಲೇ ಕೂತವನದ್ದು. ಮಾಹಿಮ್ ದಾಟಿತ್ತು. ವಿಜಾಪುರದವಳು ಕೈಯಲ್ಲಿದ್ದ ವಟಾಣಿ ಕಾಯಿಯನ್ನು ಬಿಡಿಸದೆ ಹಿಡಿದುಕೊಂಡಳು. ಹಾಡು ಮುಗಿಯಿತು. ಏಳನೆಯದು ಶುರುವಾಯಿತು. ಅವಳು ಮತ್ತೆ ಸುಲಿಯತೊಡಗಿದಳು.

"ಹಿಂದಿನ ಹಾಡು ಇನ್ನೊಮ್ಮೆ ಹಚ್ಚವಾ," ಎಂದಳು.

ಹಚ್ಚಿದೆ.

"ಇಂಗ್ಲೀಷು ತಿಳೀತದ ನಿನಗ?" ಎಂದು ಕೇಳಿದೆ.

"ಮಾತು ತಿಳೀವಲ್ದು. ಮನಷ್ಯಾ ತಿಳೀತಾನ." ಇನ್ನೊಂದು ಕಾಯಿ ಬಿಡಿಸಿ ಹೇಳಿದಳು: "ಉಳದವು ಹಾಡಿದಾಂವ ಬ್ಯಾರೆ, ಇಂವ ಬ್ಯಾರೆ. ಅಂವ ಮಂದೀ ಮನಿಗೆ ಹೋಗಿ ಖುರ್ಚಿ ತುದೀಗೆ ಕುಂತಾನ. ಇಂವ ತನ್ನ ಮನ್ಯಾಗ ಚಾಪಿ ಮ್ಯಾಲೆ ಕಾಲು ಚಾಚಿ ಕುಂತಾನ."

"ಒಬ್ಬನೇ ಅಲ್ವಾ?" ಎಂದು ನರ್ಸ್ ನನ್ನನ್ನು ಕೇಳಿದಳು.

"ಒಬ್ಬನ," ಎಂದೆ.

"ಹಂಗಾದ್ರ ಅವಂಗ ಯಾರರೆ ಹೇಳಬೇಕು ನೋಡು," ಎಂದು ವಿಜಾಪುರದವಳು ಸಿಪ್ಪೆಗಳನ್ನು ಚೀಲಕ್ಕೆ ತುಂಬಿದಳು.

ಶುಕ್ರವಾರ ಎಂಟನೆಯದನ್ನೂ ಕೇಳಿಸಿದೆ. ಟೀಚರ್ ಮೂಗು ಮುಟ್ಟಿ ತೋರಿಸಿದಳು. ಆರನೆಯದನ್ನು ಮತ್ತೆ ಹಚ್ಚಿದಾಗ ಅವಳೂ ತಲೆದೂಗಿದಳು, "ಯಹಾಂ ಹೆದರಿಲ್ಲ," ಎಂದಳು. ಆಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಅದು ಸಿಹಿ ವಿಷಯವೇನಲ್ಲ. ಆಲ್ಬಮ್ಮಿನ ಕೆಳಗೆ ಬರೆದಿದ್ದವರು ಏಳು ಹಾಡುಗಳ ಮಟ್ಟಿಗೆ ಸರಿಯಾಗಿಯೇ ಬರೆದಿದ್ದರು. ಆ ಮಾತನ್ನು ಸುಳ್ಳು ಮಾಡಲೆಂದು ಹೊರಟವಳು ನಾನು. ಅದನ್ನು ನಿಜ ಮಾಡಿಕೊಂಡು ಮನೆಗೆ ಬಂದೆ.

ಶನಿವಾರ ಬೆಳಿಗ್ಗೆ ಅವರು ದಾಡಿ ಮಾಡಿಕೊಂಡು ಬಂದು ಕೂತ ಮೇಲೆ ಪುಸ್ತಕ ಮುಂದಿಟ್ಟೆ. ಚಹಾ ಕೊಡಲಿಲ್ಲ. ಮೊದಲು ಓದಲಿ ಎಂದು.

ಓದಿದರು. ಮೂಗಿನ ಹತ್ತಿರ ನಿಂತರು.

"ನನ್ನ ಹಾಡು ವಟಾಣಿ ಸುಲಿಯೋರಿಗೆ ಕೇಳಸೀಯೇನು?"

"ಹೌದು."

"ಯಾರಕಿ, ಈ ಮೂಗಿನಾಕಿ?"

"ಟೀಚರ್. ಆಕಿಗೆ ನೀವು ಯಾರು ಅಂತ ಗೊತ್ತಿಲ್ಲ. ಮೂರೂ ಮಂದಿಗೆ ಗೊತ್ತಿಲ್ಲ. ಒಂದ ಗುಟುಕು ಚಹಾ ಸುದ್ಧಾ ಕುಡಿಸಿಲ್ಲ ನಾ."

ಅವರಿಗೆ ಸಿಟ್ಟು ಬಂದಿತ್ತು. ಹಾಗಾದರೆ ಎಲ್ಲರೂ ಒಂದೇ ಹೇಳುತ್ತಿದ್ದಾರೆ, ಇನ್ನು ಹಾಡುವುದು ಯಾಕೆ ಎಂದರು. "ಮುಂದ ಓದ್ರಿ," ಎಂದೆ. ಗುರುವಾರದ ಪುಟವನ್ನು ಅವರು ಎರಡು ಸಲ ಓದಿದರು.

"ಆರನೇದು ಹಾಡೂ ದಿನ ನನಗ ನೆಗಡಿ," ಎಂದರು, ತಮಗೇ ಹೇಳಿಕೊಳ್ಳುವಂತೆ. "ದನಿ ಮ್ಯಾಲೆ ಏರಲಿಲ್ಲ. ಅದಕ್ಕ ಹುಡುಗ ಬಿಳಿ ಮೂರರಿಂದ ಕರಿ ಒಂದಕ್ಕ ಇಳಿಸಿದ."

ಬಿಳಿ ಮೂರು, ಕರಿ ಒಂದು ಎಂದರೆ ಪೇಟಿಯ, ಅಂದರೆ ಹಾರ್ಮೋನಿಯಂನ ಮನೆಗಳು. ಭಜನೆಯವರು ಶ್ರುತಿಯನ್ನು ಹೀಗೆಯೇ ಗುರುತಿಸುವುದು. ಕರಿ ಒಂದು ಕೆಳಗಿನದು, ನಮ್ಮವರು ಮಂಡಳಿಯಲ್ಲಿ ನೆಮ್ಮದಿಯಾಗಿ ಹಾಡುವುದು ಅಲ್ಲಿಂದಲೇ. ಉಳಿದ ಏಳೂ ಹಾಡುಗಳು ಗಿಟಾರಿನ ಹುಡುಗನ ಗಂಟಲಿಗೆ ಹೊಂದುವ ಎತ್ತರದಲ್ಲಿದ್ದವು.

"ಹಂಗಾದ್ರ ಎಲ್ಲಾನೂ ಇಳಸು ಅಂತ ಯಾಕ ಕೇಳಲಿಲ್ಲ?"

ನಾನು ಏನೋ ಮರ್ಯಾದೆಗೆಟ್ಟ ಮಾತಾಡಿದ ಹಾಗೆ ನನ್ನನ್ನು ನೋಡಿದರು. "ಪೇಟಿ ಮುಂದ ಕುಂತಾಂವ ಸ್ವರಾ ಕೊಡತಾನ. ಹಾಡಾಂವ ಅದರಾಗ ಹಾಡತಾನ. ಕೇಳೋದು ಹೆಂಗ?"

ಹಾಗಿದೆ ಮಂಡಳಿಯ ಪದ್ಧತಿ. ಪೇಟಿ ಹಿಡಿದವರು ಹಿರಿಯರು. ಅವರು ಸ್ವರ ಹಿಡಿದ ಮೇಲೆ ನನಗೆ ಎಟಕುವುದಿಲ್ಲ ಎನ್ನುವುದು ಉದ್ಧಟತನ. ನಲವತ್ತು ವರ್ಷ ಹಾಗೆ ಹಾಡಿದ ಮನುಷ್ಯ ಗ್ಯಾರೇಜಿಗೆ ಹೋಗಿಯೂ ಅದೇ ಪದ್ಧತಿ ಇಟ್ಟುಕೊಂಡಿದ್ದರು. ಪೇಟಿಯ ಜಾಗದಲ್ಲಿ ಗಿಟಾರ್, ಹಿರಿಯರ ಜಾಗದಲ್ಲಿ ಮಗನ ವಯಸ್ಸಿನ ಹುಡುಗ. ಒಂದು ವರ್ಷ ಮೂಗಿನಲ್ಲಿ ಏರಿ ಏರಿ ಹಾಡಿದರೂ ಬಾಯಿ ಬಿಟ್ಟು ಕೇಳಿರಲಿಲ್ಲ.

"ಇವತ್ತು ಕೇಳ್ರಿ," ಎಂದೆ. "ಕೇಳಿ ಆಮ್ಯಾಲೆ ಬೇಕಾದ್ರ ಬಿಡ್ರಿ. ಕೇಳದ ಬಿಡಬ್ಯಾಡ್ರಿ."

ಸಂಜೆ ನಾನೂ ಗ್ಯಾರೇಜಿಗೆ ಇಳಿದೆ, ಗೋಡೆಗೆ ಒರಗಿ ನಿಂತೆ. ಅವರು ಕೇಳಿದರು. ಕೇಳುವಾಗ ನೆಲ ನೋಡುತ್ತಿದ್ದರು.

ಹುಡುಗ ಗಿಟಾರನ್ನು ತೊಡೆಯಿಂದ ಇಳಿಸಿದ. "ಅಂಕಲ್! ಇತ್ನೇ ದಿನ್ ಬೋಲಾ ಕ್ಯೂಂ ನಹೀ?" ಇಷ್ಟು ದಿನ ನೀವು ಏನೂ ಹೇಳದ್ದಕ್ಕೆ ಈ ಸ್ವರ ನಿಮಗೆ ಹೊಂದುತ್ತದೆ ಅಂದುಕೊಂಡಿದ್ದೆ ಎಂದು ಹಿಂದಿಯಲ್ಲೇ ಹೇಳಿದ.

ಅವನ ತಂಗಿ ಬೇಡವೆಂದಳು. ಪ್ರೋಗ್ರಾಮಿಗೆ ಎಂಟು ದಿನ ಉಳಿದಿದೆ, ಏಳು ಹಾಡಿಗೂ ಬೆರಳಿಡುವ ಜಾಗಗಳೆಲ್ಲ ಬದಲಾಗುತ್ತವೆ, ಈಗ ಮುಟ್ಟುವುದು ಬೇಡ ಎಂದು ಹಿಂದಿಯಲ್ಲಿ ವಾದಿಸಿದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆರನೆಯದೊಂದನ್ನು ಅಂಕಲ್ ಹಾಡಲಿ, ಉಳಿದದ್ದು ಅಣ್ಣ ಹಾಡಲಿ ಎಂದಳು. ಒಂದು ವಾರದ ಹಿಂದೆ ನಮ್ಮವರು ಬೇಡಲು ಹೊರಟಿದ್ದೂ ಹೆಚ್ಚುಕಡಿಮೆ ಅದನ್ನೇ.

"ಎಂಟೂ ನಾ ಹಾಡತೇನಿ," ಎಂದರು ನಮ್ಮವರು. ಕನ್ನಡದಲ್ಲೇ ಬಂತು. ಆಮೇಲೆ ಹಿಂದಿಯಲ್ಲಿ ಹೇಳಿದರು. ದಿನಾ ಸಂಜೆ ಆರಕ್ಕೆ ಬರುತ್ತೇನೆ, ನಿಮ್ಮ ಬೆರಳು ಕೂರುವವರೆಗೂ ನಿಂತು ಹಾಡುತ್ತೇನೆ ಎಂದರು.

ಹೋದರು, ಎಂಟೂ ದಿನ. ಕಾರ್ಗೋದಿಂದ ನೇರ ಗ್ಯಾರೇಜಿಗೆ. ನಾನು ಕುಕ್ಕರ್ ಇಟ್ಟು ಕಿಟಕಿ ತೆರೆದಿಡುತ್ತಿದ್ದೆ. ಮೂರನೇ ದಿನ ಅವರ ದನಿ ಕೆಳಗೆ ಹೋಗಿ ಮಣ್ಣು ಹಿಡಿದಂತೆ ಮಂಕಾಗಿ ಕೇಳಿತು. ಇದೂ ಆಗದೇನೋ ಅನಿಸಿತು. ಐದನೇ ದಿನ ಅಲ್ಲಿಂದ ಎದ್ದು ಬಂತು.

ಅಂಧೇರಿಯ ಹಾಲು ಸಣ್ಣದು. ಹಿಂದಿನ ಸಾಲುಗಳು ಖಾಲಿಯಿದ್ದವು. ಮೊದಲ ಹಾಡು ಚೆನ್ನಾಗಿ ಹೋಯಿತು. ಎರಡನೆಯದಕ್ಕೆ ಗಿಟಾರಿನ ಹುಡುಗ, ಗಾಬರಿಯಲ್ಲೋ ಅಭ್ಯಾಸಬಲದಲ್ಲೋ, ಸ್ವರ ಏರಿಸಿ ಇಳಿಸಲು ಗಿಟಾರಿನ ಕತ್ತಿಗೆ ಹಾಕುವ ಕ್ಲಿಪ್ಪನ್ನು ಹಳೆಯ ಜಾಗಕ್ಕೇ ಹಾಕಿ ಶುರು ಮಾಡಿದ. ಸ್ವರ ಕೇಳಿದ ಕೂಡಲೇ ನನಗೆ ತಿಳಿಯಿತು. ತಂಗಿಯೂ ತಲೆ ಎತ್ತಿದಳು. ನಮ್ಮವರು ಹಾಡಲು ಬಾಯಿ ತೆರೆದಿದ್ದರು. ಭುಜಗಳು ಮೇಲೇರುವುದು ನಾನು ಕೂತಲ್ಲಿಂದ ಕಾಣುತ್ತಿತ್ತು.

ಅವರು ಬಾಯಿ ಮುಚ್ಚಿದರು. ಕೈ ಎತ್ತಿದರು. ಅಷ್ಟು ಜನರ ಮುಂದೆ ಡ್ರಮ್ಮೂ ಗಿಟಾರೂ ಅಡ್ಡಾದಿಡ್ಡಿ ನಿಂತವು. ಯಾರೋ ಕೆಮ್ಮಿದರು.

"ಸ್ವಲ್ಪ ಕೆಳಗೆ ತಗೋ," ಎಂದರು ಮೈಕಿನಲ್ಲೇ, ಹುಡುಗನ ಕಡೆ ತಿರುಗಿ, ಹಿಂದಿಯಲ್ಲಿ. "ಇನ್ನೂ ಕೆಳಗೆ. ಹಾಂ. ಅಲ್ಲಿ."

ಆಮೇಲೆ ಜನರ ಕಡೆ ತಿರುಗಿ ನಿಂತು ಹಾಡಿದರು.