ಬೂಟಜ್ಜನ ಪ್ರಶ್ನೆ

ಸೈನ್ಯದ ಬೂಟು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅಟ್ಟೆ ಹೊಲಿದ ಹಿರಿಯರೊಬ್ಬರನ್ನು ಎಲ್ಲರೂ ಬೂಟಜ್ಜ ಎನ್ನುತ್ತಿದ್ದರು. ಪ್ರತಿ ರಾಶಿಯಿಂದಲೂ ತಮ್ಮ ಅಳತೆಯ ಒಂದು ಜೋಡಿ ತೊಟ್ಟು, ಮೆಟ್ಟಿಲು ಹತ್ತಿಳಿದ ಮೇಲೆಯೇ ಅವರು ಮಾಲನ್ನು ಹೊರಗೆ ಬಿಡುತ್ತಿದ್ದರು. ದೇಶದ ಕೈಗೆ ಅಣುಬಾಂಬು ಬಂದ ವರ್ಷ, ಕಾರ್ಖಾನೆ ಮುಚ್ಚಬೇಕೋ ಬೇಡವೋ ಎಂದು ತೀರ್ಮಾನಿಸಲು ದೊಡ್ಡ ಸಾಹೇಬರು ಬಂದರು.

"ಇನ್ನು ನಮ್ಮ ತಂಟೆಗೆ ಯಾರು ಬರ್ತಾರೆ ಅಜ್ಜ? ಇಷ್ಟೊಂದು ಬೂಟು ಯಾಕೆ?"

"ದೊಡ್ಡ ಯುದ್ಧಕ್ಕೆ ಬರಲ್ಲ ಬಿಡಿ ಸಾಹೇಬ್ರೇ. ಇಪ್ಪತ್ತೇ ಜನ ಬಂದು ಗಡಿಯ ಗುಡ್ಡದ ಮೇಲೆ ಕೂತ್ರೆ ಬಾಂಬು ಹಾಕ್ತೀರಾ?"

"ಛೇ, ಗುಬ್ಬಿ ಮೇಲೆ ಬ್ರಹ್ಮಾಸ್ತ್ರನಾ?"

"ನೀವು ಹಾಕಲ್ಲ ಅಂತ ಅವರಿಗೂ ಗೊತ್ತಲ್ವಾ? ಅವರನ್ನ ಇಳಿಸೋಕೆ ನಮ್ಮ ಸಿಪಾಯಿಗಳೇ ಹತ್ತಬೇಕು. ಬರಿಗಾಲಲ್ಲಿ ಹತ್ತೋಕಾಗುತ್ತಾ?"

ಸಾಹೇಬರು ಜೋರಾಗಿ ನಕ್ಕು, 'ಮುಚ್ಚಬಾರದು' ಎಂದು ಅಲ್ಲೇ ನಿಂತು ಬರೆದರು. ಅಷ್ಟರಲ್ಲಿ ಬೂಟಜ್ಜ ಮುಂದಿನ ಜೋಡಿ ತೊಟ್ಟು ಮೆಟ್ಟಿಲು ಹತ್ತುತ್ತಿದ್ದರು.