ಎದುರಾಳಿ ಇಲ್ಲದ ಎಲೆಕ್ಷನ್

ನಿಮ್ಮನ್ನು ಯಾರಾದರೂ ಕರೆದು, ಕೂರಿಸಿ, ಕಾಫಿ ಕೊಟ್ಟು, ‘ಎಲೆಕ್ಷನ್‌ಗೆ ನಿಲ್ಲಿ, ನಿಮ್ಮ ಎದುರು ಯಾರೂ ಇಲ್ಲ’ ಎಂದರೆ ಏನು ಮಾಡುತ್ತೀರಿ?

ನಾನು ಮೊದಲು ಕಾಫಿ ಕಪ್ಪನ್ನು ಕೆಳಗಿಟ್ಟೆ.

ಕರೆದವರು ಹೆಂಕ್. ನಾನಿರುವ ಡಚ್ಚರ ಊರು ನ್ಯೂವೆಗೈನ್‌ನಲ್ಲಿ ಒಂದು ಪುಟ್ಟ ರೇಡಿಯೋ ಸ್ಟೇಷನ್ ಇದೆ. ಕೇಳುಗರೇ ವರ್ಷಕ್ಕಿಷ್ಟು ಅಂತ ಚಂದಾ ಕೊಟ್ಟು ನಡೆಸುವ ರೇಡಿಯೋ. ಜಾಹೀರಾತಿಲ್ಲ, ಸಂಬಳವಿಲ್ಲ, ಲಿಫ್ಟೂ ಇಲ್ಲ. ಚಂದಾ ಕೊಟ್ಟವರೇ ಓಟು ಹಾಕಿ ಬೋರ್ಡನ್ನು ಆರಿಸುತ್ತಾರೆ. ಹೆಂಕ್ ಅದರ ಅಧ್ಯಕ್ಷರು. ಡ್ರೈವಿಂಗ್ ಸ್ಕೂಲಿನಲ್ಲಿ ಮೇಷ್ಟ್ರಾಗಿ ರಿಟೈರ್ ಆದವರು.

ಅದೇ ರೇಡಿಯೋದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಒಂದು ಗಂಟೆ ಕನ್ನಡ ಕಾರ್ಯಕ್ರಮ ಬರುತ್ತದೆ. ಮಾತಾಡುವವಳು ನಾನು. ಪಕ್ಕದಲ್ಲಿ ಕೂತು ಹಾಡು ಹಾಕುವವಳು, ಬಟನ್ ಒತ್ತುವವಳು, ನನಗೆ ಕೆಮ್ಮು ಬಂದಾಗ ಮೈಕ್ ಆಫ್ ಮಾಡುವವಳು ಗೆಳತಿ ಸುಮಾ. ಧಾರವಾಡದವಳು.

ಆ ಒಂದು ಗಂಟೆ ನನಗೆ ಎಷ್ಟು ಮುಖ್ಯ ಅಂತ ಹೇಗೆ ಹೇಳಲಿ? ಆಫೀಸಿನಲ್ಲಿ ಇಂಗ್ಲಿಷ್. ಅಂಗಡಿಯಲ್ಲಿ ಡಚ್. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಮಗಳು ಡಚ್ಚಿನಲ್ಲಿ ಉತ್ತರಿಸುತ್ತಾಳೆ. ವಾರಕ್ಕೊಮ್ಮೆ ಆ ಮೈಕ್ ಮುಂದೆ ಮಾತ್ರ ನಾನು ಬಾಯ್ತುಂಬ ಕನ್ನಡ ಮಾತಾಡುತ್ತೇನೆ, ಯಾರೂ ನಡುವೆ ಬಾಯಿ ಹಾಕುವುದಿಲ್ಲ. (ಬಾಯಿ ಹಾಕಲು ಆಗುವುದಿಲ್ಲವೆಂದೇ ನನ್ನ ಗಂಡ ಶ್ರೀಧರ ಆ ಹೊತ್ತಿಗೆ ಸರಿಯಾಗಿ ಸೈಕಲ್ ಹತ್ತಿ ಹೊರಗೆ ಹೋಗುತ್ತಾನೆ.) ಅದು ಇಲ್ಲದ ವಾರವನ್ನು ನೆನೆಸಿಕೊಳ್ಳಲೂ ನನಗೆ ಇಷ್ಟವಿಲ್ಲ.

ಅದಕ್ಕೂ ಕುತ್ತು ಬಂದಿತ್ತು. ಬೇರೆ ಭಾಷೆಗಳ ಕಾರ್ಯಕ್ರಮಗಳನ್ನೆಲ್ಲ ನಿಲ್ಲಿಸೋಣ, ಆ ಹೊತ್ತಿನಲ್ಲಿ ಕಂಪ್ಯೂಟರ್ ತಾನೇ ಹಾಡು ಹಾಕಿಕೊಂಡಿರಲಿ ಎಂಬ ಮಾತು ಬೋರ್ಡಿನಲ್ಲಿ ಎದ್ದಿತ್ತು. ಅಂಥ ಹೊತ್ತಿನಲ್ಲೇ ನನ್ನನ್ನು ಕರೆದು ಬೋರ್ಡಿಗೆ ನಿಲ್ಲಿ ಎಂದರೆ? ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ನಮ್ಮಜ್ಜಿ ಸುಮ್ಮನೆ ಹೇಳುತ್ತಿದ್ದರೇ?

ಕಳೆದ ತಿಂಗಳ ಮಾತು ಇದು. ಸ್ಟೇಷನ್ನಿನ ಅಡುಗೆಮನೆಯಂಥ ಕೋಣೆಯಲ್ಲಿ ಹೆಂಕ್, ನಾನು, ಸುಮಾ ಕೂತಿದ್ದೆವು. ಹೆಂಕ್ ಡ್ರೈವಿಂಗ್ ಪಾಠ ಹೇಳುವಂತೆ ಒಂದೊಂದಾಗಿ ಹೇಳಿದರು.

‘ಸಂಬಳ ಇಲ್ಲ. ತಿಂಗಳಿಗೊಂದು ಸಂಜೆ ಮೀಟಿಂಗ್. ಬೋರ್ಡಿನಲ್ಲಿರುವವರು ಮೈಕ್ ಮುಂದೆ ಕೂರುವ ಹಾಗಿಲ್ಲ, ಅದು ರೂಲ್.’

ಮೂರನ್ನೂ ಕೇಳಿಸಿಕೊಂಡೆ. ಮೊದಲೆರಡನ್ನು ನಂಬಲಿಲ್ಲ. ಮೂರನೆಯದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ರೂಲ್ ಅಂದರೆ ನಮ್ಮಲ್ಲಿ ಮಾತುಕತೆ ಶುರುವಾಗುವ ಜಾಗ, ಅಲ್ಲವೇ? ‘ನೋ ಪಾರ್ಕಿಂಗ್’ ಫಲಕದ ಕೆಳಗೇ ಸ್ಕೂಟರ್ ನಿಲ್ಲಿಸಿಕೊಂಡು ಬೆಳೆದವಳು ನಾನು.

ಆದರೂ ಹೊರಗೆ ಬಂದ ಮೇಲೆ ಸುಮಾಳನ್ನು ಕೇಳಿದೆ. ಅವಳ ಡಚ್ ನನಗಿಂತ ಚೆನ್ನ.

‘ಮೈಕ್ ವಿಷಯ ಏನೋ ಅಂದ್ರಲ್ಲ, ಸೀರಿಯಸ್ಸಾ? ನಿಲ್ಲಲಾ, ಬೇಡ್ವಾ?’

‘ಏ, ಹಂಗ ಅಂತಾರ ಬಿಡ. ನೀ ಮೊದ್ಲ ನಿಲ್ಲು. ನಾವ್ ಅದೇವಲ್ಲ!’

ಮನೆಗೆ ಬಂದು ಹೇಳಿದರೆ ಶ್ರೀಧರ ಲ್ಯಾಪ್‌ಟಾಪ್ ಮುಚ್ಚಿದ. (ಇದು ಅಪರೂಪ.) ‘ಅವಿರೋಧ ಆಯ್ಕೆನಾ? ಬೆಂಗಳೂರಲ್ಲಿ ನಮ್ಮ ಅಪಾರ್ಟ್‌ಮೆಂಟ್‌ಗೆ ವಾಟರ್ ಟ್ಯಾಂಕರ್ ಕರೆಸೋ ಪೋಸ್ಟ್‌ಗೇ ನಾಲ್ಕು ಜನ ಹೊಡೆದಾಡ್ತಿದ್ರು. ಇಲ್ಲಿ ಇಡೀ ರೇಡಿಯೋ ಸ್ಟೇಷನ್‌ಗೆ ಒಬ್ಬರೂ ಇಲ್ವಾ? ಏನೋ ಇದೆ ಕಣೇ.’

ಏನೋ ಇದೆ. ಈ ಎರಡು ಪದ ಒಮ್ಮೆ ತಲೆಯೊಳಗೆ ಹೊಕ್ಕರೆ ಮುಗಿಯಿತು. ಜಾಝ್ ಕಾರ್ಯಕ್ರಮ ಮಾಡುವ ಹೆಂಗಸು ನನಗೆ ಬಾಗಿಲು ಹಿಡಿದು ನಿಂತರು. ಯಾಕೆ? ಹೆಂಕ್ ‘ಮಗಳು ಹೇಗಿದ್ದಾಳೆ’ ಎಂದು ವಿಚಾರಿಸಿದರು. ಯಾಕೆ? ಹೋದ ಸಲ ಯಾರು ಯಾರು ನಿಂತಿದ್ದರು ಎಂದು ಉಪಾಯವಾಗಿ ಕೇಳಿದೆ. ‘ಯಾರೂ ಇಲ್ಲ. ಅದಕ್ಕೇ ನಾನಿನ್ನೂ ಅಧ್ಯಕ್ಷ’ ಎಂದು ನಕ್ಕರು. ಅಧಿಕಾರದಲ್ಲಿರುವವರು ಹೀಗೆ ನಗುವುದನ್ನು ನೀವು ನೋಡಿದ್ದೀರಾ?

ಕೊನೇ ಗಳಿಗೆಯಲ್ಲಿ ಯಾರನ್ನೋ ನಿಲ್ಲಿಸುತ್ತಾರೆ, ನನ್ನನ್ನು ಸೋಲಿಸುತ್ತಾರೆ, ಆಮೇಲೆ ‘ಕೇಳುಗರಿಗೇ ಕನ್ನಡ ಬೇಡವಂತೆ’ ಎಂದು ಕಾರ್ಯಕ್ರಮ ಎತ್ತಿಬಿಡುತ್ತಾರೆ. ಇದು ನನ್ನ ಥಿಯರಿ. ಸುಮಾ ತಕ್ಷಣ ಒಪ್ಪಿದಳು. ಒಪ್ಪಿದ್ದಷ್ಟೇ ಅಲ್ಲ, ಪ್ರಚಾರದ ಉಸ್ತುವಾರಿಯನ್ನೇ ಹೊತ್ತುಕೊಂಡಳು. ವಾಟ್ಸ್ಯಾಪ್ ಗುಂಪು ಮಾಡಿದಳು. ಪರಿಚಯದ ಕನ್ನಡದವರಿಗೆಲ್ಲ ಫೋನ್ ಹಚ್ಚಿದಳು. ಚಂದಾ ಕಟ್ಟಿ, ಸದಸ್ಯರಾಗಿ, ಬಂದು ಕೈ ಎತ್ತಿ. ಇಷ್ಟೇ.

ವಾಗೆನಿಂಗನ್‌ನಲ್ಲಿ ಓದುವ ಹುಡುಗರು ‘ಊಟ ಇದ್ಯಾ ಅಕ್ಕ?’ ಎಂದರು. ರೈಸ್‌ವೈಕ್‌ನ ಒಬ್ಬ ಪುಣ್ಯಾತ್ಮರು ದನಿ ತಗ್ಗಿಸಿ ಕೇಳಿದರು: ‘ಮೇಡಂ, ತಪ್ಪು ತಿಳ್ಕೋಬೇಡಿ. ಇದ್ರಲ್ಲಿ ನಿಮಗೇನು ಸಿಗುತ್ತೆ?’

‘ಏನೂ ಸಿಗಲ್ಲ ಸರ್.’

ಅವರು ನಂಬಲಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ.

ಕಳೆದ ವಾರ ಸಭೆ. ಪ್ರತಿವರ್ಷ ಒಂದೇ ಮೇಜಿನ ಸುತ್ತ ಮುಗಿಯುವ ಸಭೆಯಂತೆ ಅದು. ಈ ಸಲ ಮೆಟ್ಟಿಲ ಮೇಲೂ ಜನ ನಿಂತಿದ್ದರು. ಜರ್ಕಿನ್ನು, ರೇಷ್ಮೆ ಸೀರೆ, ತೊಟ್ಟಿಲಗಾಡಿಯಲ್ಲಿ ಮಗು, ಎಲ್ಲ ಇತ್ತು. ಹೆಂಕ್ ಮುಖ ಬಿಳುಚಿಕೊಂಡಿತು.

‘ಏನಾದರೂ ಸಮಸ್ಯೆ ಆಗಿದೆಯಾ?’

‘ಇಲ್ಲ. ಓಟು ಹಾಕಲು ಬಂದಿದ್ದಾರೆ.’

‘ಆದರೆ ನಿಮ್ಮ ಎದುರು ಯಾರೂ ಇಲ್ಲವಲ್ಲ?’

‘ಗೊತ್ತು.’

‘ಮತ್ತೆ?’

ಜಾಝ್ ಹೆಂಗಸು ಮೇಜಿನ ಮೇಲಿದ್ದ ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಆಗ ಹೊಳೆಯಿತು. ತಿಂಗಳಿನಿಂದ ನಾನು ಇವರನ್ನು ನೋಡಿದ ಹಾಗೆಯೇ ಇವರು ಈಗ ನಮ್ಮನ್ನು ನೋಡುತ್ತಿದ್ದಾರೆ. ಅಷ್ಟರಲ್ಲಿ ಸುಮಾ ದೊಡ್ಡ ಡಬ್ಬಿ ತೆರೆದು ಎಲ್ಲರಿಗೂ ಗಿರ್ಮಿಟ್ ಹಂಚತೊಡಗಿದಳು. ಮಂಡಕ್ಕಿ, ಈರುಳ್ಳಿ, ಮೇಲೆ ಶೇಂಗಾ. ಹೆಂಕ್ ತಟ್ಟೆ ಹಿಡಿದುಕೊಂಡು ಪಾಪ ಮೆಲ್ಲಗೆ ಕೇಳಿದರು: ‘ಇದನ್ನು ಓಟಿಗೆ ಮೊದಲು ತಿನ್ನಬಹುದೇ, ಆಮೇಲೆಯೇ?’

ಸುಮಾ ನನ್ನ ಹೆಸರು ಸೂಚಿಸಿದಳು. ಕೈಗಳು ಎದ್ದವು. ಕೊನೇ ಗಳಿಗೆಯ ಎದುರಾಳಿ ಬರಲಿಲ್ಲ. ಗೆದ್ದೆ. ಯಾರೋ ಶಿಳ್ಳೆ ಹೊಡೆದರು. (ವಾಗೆನಿಂಗನ್ ಇರಬೇಕು.)

ಚಪ್ಪಾಳೆ ನಿಲ್ಲುವ ಮೊದಲೇ ಹೆಂಕ್ ಕೈಗೆ ಹೂವು ಕೊಟ್ಟು ಕೇಳಿದರು: ‘ಸರಿ, ಈ ಭಾನುವಾರದಿಂದ ನಿಮ್ಮ ಕಾರ್ಯಕ್ರಮ ಯಾರು ಮಾಡುತ್ತಾರೆ?’

‘ನಾನೇ.’

‘ಇಲ್ಲ. ನೀವೀಗ ಬೋರ್ಡ್. ಮೊದಲ ದಿನವೇ ಹೇಳಿದ್ದೆ.’

‘ಹೇಳಿದ್ರಿ. ಆದ್ರೆ...’

‘ಆದರೆ?’

ಇದರ ಮುಂದಿನ ವಾಕ್ಯ ನನ್ನ ಡಚ್ಚಿನಲ್ಲಿ ಇರಲಿಲ್ಲ. ಹೇಳಿದಿರಿ ಸ್ವಾಮಿ, ಆದರೆ ಅಷ್ಟು ನೇರವಾಗಿ ಹೇಳಿದ್ದನ್ನು ಯಾರಾದರೂ ನಂಬುತ್ತಾರೆಯೇ? ಬಚ್ಚಿಟ್ಟದ್ದನ್ನು ಹುಡುಕುವುದರಲ್ಲಿ ನಾನು ಒಂದು ತಿಂಗಳು ಕಳೆದೆ. ಈ ಮನುಷ್ಯ ಏನನ್ನೂ ಬಚ್ಚಿಟ್ಟೇ ಇರಲಿಲ್ಲ.

ಅಳು ಬಂತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಅಷ್ಟು ಜನರ ಮುಂದೆ ಅಳು ಬಂತು. ಈಗಲೇ ರಾಜೀನಾಮೆ ಕೊಟ್ಟುಬಿಡೋಣ ಅನ್ನಿಸಿತು. ಆದರೆ ಅಂದಿನ ಮುಂದಿನ ವಿಷಯವೇ ಭಾಷೆಗಳ ಕಾರ್ಯಕ್ರಮ ಇರಬೇಕೋ ಬೇಡವೋ ಎಂಬುದು. ಬೋರ್ಡಿನ ಉಳಿದ ನಾಲ್ವರು ಇಬ್ಬಿಬ್ಬರಾಗಿ ಒಡೆದಿದ್ದರು. ಓಟು ಸಮವಾದರೆ ಕಾರ್ಯಕ್ರಮ ನಿಲ್ಲುತ್ತದೆ, ಅದೂ ಒಂದು ರೂಲ್. ಬೋರ್ಡ್ ಬಿಟ್ಟರೆ ಕಾರ್ಯಕ್ರಮ ಹೋಗುತ್ತದೆ, ಬಿಡದಿದ್ದರೆ ಮೈಕ್ ಹೋಗುತ್ತದೆ. ನಾನು ಕೈ ಎತ್ತಿದೆ. ಕನ್ನಡದ ಒಂದು ಗಂಟೆ ಉಳಿಯಿತು.

‘ಹಾಗಾದರೆ ಯಾರು ಮಾತಾಡುತ್ತಾರೆ?’ ಹೆಂಕ್ ಮತ್ತೆ ಕೇಳಿದರು.

‘ನಾನು’ ಎಂದಳು ಸುಮಾ, ಅಚ್ಚ ಡಚ್ಚಿನಲ್ಲಿ. ಗಿರ್ಮಿಟ್ಟಿನ ಸೌಟು ಇನ್ನೂ ಕೈಯಲ್ಲೇ ಇತ್ತು. ಆಮೇಲೆ ಬಂದು ನನ್ನನ್ನು ತಬ್ಬಿಕೊಂಡು ತಾನೂ ಅತ್ತಳು. (ನಿಜವಾದ ಕಣ್ಣೀರೇ. ಹತ್ತಿರದಿಂದ ನೋಡಿದೆ.)

ಈ ಭಾನುವಾರ ನಾನು ಅಡುಗೆಮನೆಯಲ್ಲಿ ನಿಂತು ರೇಡಿಯೋ ಹಚ್ಚಿದೆ. ಸುಮಾ ಎಷ್ಟು ಚೆನ್ನಾಗಿ ಮಾತಾಡಿದಳು ಗೊತ್ತೇ? ತಡವರಿಸಲಿಲ್ಲ, ಕೆಮ್ಮಲಿಲ್ಲ. ಇಷ್ಟು ವರ್ಷ ಪಕ್ಕದಲ್ಲಿ ಕೂತು ಬಟನ್ ಒತ್ತುತ್ತಿದ್ದವಳಲ್ಲಿ ಇಷ್ಟೊಂದು ಮಾತು ಎಲ್ಲಿತ್ತು? ಮಗಳು ಬಂದು ಪೂರ್ತಿ ಕೇಳಿದಳು. ನನ್ನದನ್ನು ಒಂದು ದಿನವೂ ಕೇಳಿದವಳಲ್ಲ. ಶ್ರೀಧರ ಸೈಕಲ್ ಮುಟ್ಟಲಿಲ್ಲ.

ಕಾರ್ಯಕ್ರಮ ಮುಗಿದ ಸ್ವಲ್ಪ ಹೊತ್ತಿಗೆ ಧಾರವಾಡದಿಂದ ಫೋನ್. ಸುಮಾಳ ತಾಯಿ. ಇಂಟರ್ನೆಟ್ಟಿನಲ್ಲಿ ಪ್ರತಿವಾರ ನಮ್ಮನ್ನು ಕೇಳುವವರು.

‘ಭಾಳ ಛಲೋ ಆತ ನೋಡವಾ. ನೀ ಬೋರ್ಡ್ ಸೇರಿದಿ, ನಮ್ಮ ಸುಮಾಗೂ ಒಂದ ದಾರಿ ಆತು. ಆಕಿ ಹ್ವಾದ ತಿಂಗಳನ ಹೇಳಿದ್ಲು, ಅವ್ವಾ, ಇನ್ನ ಮ್ಯಾಲೆ ರವಿವಾರ ರೇಡಿಯೋದಾಗ ಮಾತಾಡಾಕಿ ನಾನ ಅಂತ.’

ಹೋದ ತಿಂಗಳು ನಿಲ್ಲಲೋ ಬೇಡವೋ ಎಂದು ನಾನಿನ್ನೂ ಅವಳನ್ನೇ ಕೇಳುತ್ತಿದ್ದೆನಲ್ಲ?